ಪಿಂಚಣಿಯೂ ಗಲ್ಲಾಪೆಟ್ಟಿಗೆಯೂ

ನಮ್ಮ ಭಾಗದ ಹುಡುಗನೊಬ್ಬ ಸೇನೆಯಲ್ಲಿ ಗಾಯಗೊಂಡು, ವೈದ್ಯಕೀಯ ಮಂಡಳಿಯ ತೀರ್ಮಾನದಂತೆ ಸೇವೆಯಿಂದ ಬಿಡುಗಡೆಯಾಗಿ ಊರಿಗೆ ಬಂದರೆ ಅವನಿಗೆ ಊರು ಕೊಡುವ ಸಲಹೆಗಳು ಹೆಚ್ಚೆಂದರೆ ಮೂರು. ತೋರಣಗಲ್ಲಿನಿಂದ ಗಿಣಿಗೇರಿಯವರೆಗೆ ಹಬ್ಬಿರುವ ಕಾರ್ಖಾನೆಗಳ ಯಾವುದಾದರೊಂದು ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರು ಎನ್ನುವುದು ಒಂದು. ಮಿಲಿಟರಿ ಕೋಟಾದಲ್ಲಿ ಪೆಟ್ರೋಲ್ ಬಂಕಿಗೆ ಅರ್ಜಿ ಹಾಕು ಎನ್ನುವುದು ಎರಡನೆಯದು. ಹೆದ್ದಾರಿಯ ಮಗ್ಗುಲಲ್ಲಿ ಜಾಗವಿಲ್ಲದ, ಕೈಯಲ್ಲಿ ಬಂಡವಾಳವಿಲ್ಲದ ಮನೆಯ ಹುಡುಗನಿಗೆ ಈ ಮಾತು ಹೇಳುವವರು ತಾವೇ ಅದನ್ನು ನಂಬಿರುವುದಿಲ್ಲ. ಇವೆರಡೂ ಆಗದಿದ್ದರೆ ಊರಲ್ಲೇ ಒಂದು ಹಿಟ್ಟಿನ ಗಿರಣಿ. ಗಾಯ ಕಾಲಿನದೋ, ಕಿವಿಯದೋ, ಬೆನ್ನುಹುರಿಯದೋ ಎಂಬುದನ್ನು ನೋಡಿ ಯಾರಾದರೂ ಸಲಹೆ ಬದಲಿಸಿದ್ದನ್ನು ನಾನು ಕಂಡಿಲ್ಲ.

ಕೊಪ್ಪಳದಲ್ಲಿ ಕೂತು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆದುಕೊಡುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಬ್ಯಾಂಕ್ ಸಾಲಕ್ಕೆ ಬೇಕಾದ ಯೋಜನಾ ವರದಿ ತಯಾರಿಸುವುದು ನನ್ನ ಕಸುಬು. ಅಂಗಡಿಗಳು ಹೇಗೆ ಹುಟ್ಟುತ್ತವೆ, ಯಾವ ತಿಂಗಳಲ್ಲಿ ಏದುಸಿರು ಬಿಡುತ್ತವೆ, ಯಾವ ಕಾರಣಕ್ಕೆ ಬಾಗಿಲು ಹಾಕುತ್ತವೆ ಎಂಬುದನ್ನು ಕಾಗದದ ಮೇಲೆ ನೋಡುತ್ತಲೇ ವಯಸ್ಸಾಗಿದೆ. ಆ ಕಾರಣದಿಂದ ಗಾಯಗೊಂಡು ಬಂದ ಒಂದಿಬ್ಬರು ಯುವಕರ ಕಾಗದಗಳೂ ನನ್ನ ಮೇಜಿಗೆ ಬಂದವು. ಅವರಿಗೆ ನೆರವಾಗಬೇಕೆಂಬ ಮನಸ್ಸು ನಮ್ಮ ಜನರಲ್ಲಿ ಧಾರಾಳವಾಗಿದೆ. ಆದರೂ ಆ ನೆರವು ಅಂಗಡಿಯಾಗಿ ನಿಲ್ಲುವುದು ಏಕೆ ಇಷ್ಟು ಕಷ್ಟ ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಬಿಡದೆ ಕಾಡಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕೊಡಗು, ಬೆಳಗಾವಿಗಳಲ್ಲಿರುವಂತೆ ತಲೆತಲಾಂತರದಿಂದ ಸೇನೆಗೆ ಹೋಗುವ ಮನೆಗಳ ಪರಂಪರೆ ನಮ್ಮ ಕಡೆ ಅಷ್ಟಾಗಿ ಬೆಳೆದಿಲ್ಲ. ಬಳ್ಳಾರಿಯಲ್ಲಿ ಬ್ರಿಟಿಷರ ಕಾಲದ ದಂಡಿನ ನೆನಪಾಗಿ ಕಂಟೋನ್ಮೆಂಟ್ ಎಂಬ ಬಡಾವಣೆಯ ಹೆಸರು ಉಳಿದಿದೆ, ಅಷ್ಟೇ. ಬೆಳಗಾವಿಯಲ್ಲಿ ಕಾಲು ಕಳೆದುಕೊಂಡು ಬಂದವನಿಗೆ ಓಣಿಯಲ್ಲೇ ಒಬ್ಬ ಮಾಜಿ ಹವಾಲ್ದಾರ ಸಿಕ್ಕಾನು. ಯಾವ ಅರ್ಜಿ ಎಲ್ಲಿಗೆ ಹೋಗಬೇಕು, ಯಾವ ಕಾಗದವನ್ನು ಕಳೆದುಕೊಳ್ಳಬಾರದು ಎಂದು ಅವನು ಕಟ್ಟೆಯ ಮೇಲೆ ಕೂತೇ ಹೇಳಿಯಾನು. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹಾಗೆ ಮರಳಿದವನು ಅನೇಕ ಸಲ ಊರಿಗೆಲ್ಲ ಒಬ್ಬನೇ ಆಗಿರುತ್ತಾನೆ. ಒಬ್ಬನೇ ಇರುವುದರಿಂದ ಅವನು ಊರಿನ ಹೆಮ್ಮೆಯಾಗುತ್ತಾನೆ, ಮತ್ತು ಅದೇ ಕಾರಣಕ್ಕೆ ಅವನ ಬದುಕಿನ ಬಗ್ಗೆ ಗೊತ್ತಿರುವವರು ಊರಲ್ಲಿ ಯಾರೂ ಇರುವುದಿಲ್ಲ.

ಗಿರಣಿ ಬೇಡವೆಂದವನು

ಅಂಥ ಒಬ್ಬನನ್ನು ಕರೆದುಕೊಂಡು ಊರಿನ ಹಿರಿಯರಿಬ್ಬರು, ಪಟ್ಟಣದ ಒಂದು ಸೇವಾ ಸಂಸ್ಥೆಯ ಪದಾಧಿಕಾರಿಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಸ್ವಾತಂತ್ರ್ಯೋತ್ಸವದಂದು ವೇದಿಕೆಯ ಮೇಲೆ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲ ತಾಂಬೂಲ ಕೊಟ್ಟು ಸನ್ಮಾನ ಮಾಡಿಯಾಗಿತ್ತು. ಅದೇ ವೇದಿಕೆಯಲ್ಲಿ ಗಿರಣಿ ಹಾಕಿಕೊಡುವ ಘೋಷಣೆಯೂ ಆಗಿತ್ತು. ಜೋಳಕ್ಕೊಂದು, ಗೋಧಿಗೊಂದು ಕಲ್ಲು, ಜೊತೆಗೆ ಖಾರ ಕುಟ್ಟುವ ಯಂತ್ರ, ಇಷ್ಟಕ್ಕೆ ಒಂದು ಎಸ್ಟಿಮೇಟ್ ಬರೆದುಕೊಡಬೇಕೆಂದು ಹಿರಿಯರು ಕೇಳಿದರು. ಹುಡುಗ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತಿದ್ದ. ಗಡಿಯ ಬಳಿ ನೆಲಬಾಂಬು ಸಿಡಿದು ಅವನ ಎಡಗಾಲು ಮೊಳಕಾಲಿನ ಕೆಳಗೆ ಹೋಗಿತ್ತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಹೊಸ ಕಾಲು ಹಾಕಿಸಿಕೊಂಡು ಬಂದಿದ್ದ. ವಯಸ್ಸು ಇನ್ನೂ ಮೂವತ್ತು ಮುಟ್ಟಿರಲಿಲ್ಲ. ಹಿರಿಯರು ಮಾತನಾಡುವಷ್ಟು ಹೊತ್ತೂ ಅವನು ಹೂಂ ಎಂದನೇ ಹೊರತು ತಾನಾಗಿ ಒಂದು ಮಾತೂ ಆಡಲಿಲ್ಲ.

ಅವರೆಲ್ಲ ಚಹಾಕ್ಕೆಂದು ಕೆಳಗಿಳಿದಾಗ ಮೆಟ್ಟಿಲ ಕಾರಣ ಹೇಳಿ ಅವನು ಅಲ್ಲೇ ಉಳಿದ. ಬಾಗಿಲ ಕಡೆ ಒಮ್ಮೆ ನೋಡಿ, "ಸರ, ಗಿರಣಿ ಬ್ಯಾಡ್ರಿ" ಎಂದ. ಏಕೆಂದು ಕೇಳಿದೆ. "ದಿನಪೂರ್ತಿ ನಿಂತಿರಬೇಕಾಗ್ತತ್ರಿ. ನಿಂತ್ರ ಸಂಜಿಗೆ ಕಾಲು ರಗತ ಆಗ್ತತಿ. ಮತ್ತ ಆ ಸಪ್ಪಳ ಐತಲ್ರಿ, ಅದು ನನಗ ಒಗ್ಗಂಗಿಲ್ರಿ. ಬಾಂಬು ಹಾರಿದ ಮ್ಯಾಲೆ ಈ ಕಿವಿಯಾಗ ಹಗಲಿ ರಾತ್ರಿ ಗುಂಯ್ ಅಂತತಿ." ಹಾಗಾದರೆ ಹಿರಿಯರಿಗೆ ಹೇಳಬೇಕಲ್ಲವೇ ಎಂದಾಗ ಅವನು ತಲೆ ತಗ್ಗಿಸಿದ. "ಮಂದಿ ರೊಕ್ಕ ಕೂಡಿಸ್ಯಾರ್ರಿ. ಬ್ಯಾಡಂದ್ರ ಮಿಲ್ಟ್ರಿಯಾಂವಗ ಸೊಕ್ಕು ಬಂದೈತಿ ಅಂತಾರ."

ಅವನ ಕಷ್ಟ ಈ ಕೊನೆಯ ಮಾತಿನಲ್ಲಿತ್ತು. ಬ್ಯಾಂಕಿನಿಂದ ಸಾಲ ತಂದು ಗಿರಣಿ ಹಾಕುವ ಬೇರೆ ಯಾವ ಹುಡುಗನೂ ತನಗೆ ಆ ಕಸುಬು ಒಗ್ಗುತ್ತದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಾನೆ, ಒಗ್ಗದಿದ್ದರೆ ಬಿಡುತ್ತಾನೆ. ಗೌರವವಾಗಿ ಬಂದದ್ದನ್ನು ಹಾಗೆ ತೂಗಿನೋಡುವ ಹಕ್ಕು ಇವನಿಗೆ ಇರಲಿಲ್ಲ. ಸೇನೆಯ ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇ ದಳದಲ್ಲಿ ಜನರೇಟರ್, ಮೋಟಾರುಗಳನ್ನು ಬಿಚ್ಚಿ ಕಟ್ಟುತ್ತಿದ್ದವನು ಅವನು. ನೀನೇ ಆರಿಸುವುದಾದರೆ ಏನು ಮಾಡುತ್ತೀ ಎಂದು ಕೇಳಿದಾಗ ಒಂದು ಕ್ಷಣವೂ ಯೋಚಿಸದೆ ವೈಂಡಿಂಗ್ ಅಂಗಡಿ ಎಂದ.

ಕೂತು ಮಾಡುವ ಕೆಲಸ

ಯಲಬುರ್ಗಾ, ಕುಷ್ಟಗಿ, ಕುಕನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿಲ್ಲ. ಅದೇನಿದ್ದರೂ ಗಂಗಾವತಿ, ಕಾರಟಗಿಯವರ ಭಾಗ್ಯ. ಇಲ್ಲಿ ನೀರಾವರಿ ಎಂದರೆ ಕೊಳವೆಬಾವಿ. ವೋಲ್ಟೇಜ್ ಇಳಿದಾಗ, ಮೂರರಲ್ಲಿ ಒಂದು ಫೇಸ್ ಹೋದಾಗ, ಬೇಸಿಗೆಯಲ್ಲಿ ನೀರು ಕೆಳಗಿಳಿದು ಪಂಪು ಬರಿದೇ ಓಡಿದಾಗ ಮೋಟಾರು ಸುಡುತ್ತದೆ. ಸುಟ್ಟ ಮೋಟಾರನ್ನು ಮೇಲೆತ್ತಿ, ಹಳೆಯ ವೈಂಡಿಂಗ್ ಕಿತ್ತು, ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯನ್ನು ಮೋಟಾರಿನ ತಿರುಗದ ಭಾಗವಾದ ಸ್ಟೇಟರಿನ ಸೀಳುಗಳೊಳಗೆ ಒಂದೊಂದೇ ಸುತ್ತಾಗಿ ಕೈಯಿಂದ ಎಳೆದು ಕೂಡಿಸಬೇಕು. ಸುತ್ತಿನ ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಇದು ಕೂತು ಮಾಡುವ ಕೆಲಸ, ಬೆರಳು ಮತ್ತು ತಾಳ್ಮೆ ಬೇಡುವ ಕೆಲಸ. ನಿಲ್ಲಬೇಕಾಗಿ ಬರುವುದು ಭಾರದ ಮೋಟಾರನ್ನು ಎತ್ತಿ ಇಳಿಸುವಾಗ ಮಾತ್ರ. ಅದಕ್ಕೆ ಒಂದು ಚೈನ್ ಪುಲ್ಲಿ ಮತ್ತು ಒಬ್ಬ ಹುಡುಗ ಸಾಕು.

ಇಷ್ಟಾದರೂ ದೇಹದ ಲೆಕ್ಕ ಮುಗಿಯಲಿಲ್ಲ. ಕೃತಕ ಕಾಲನ್ನು ಕೊಟ್ಟವರು ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟಿರುತ್ತಾರೆ, ನಿಜ. ಆದರೆ ರಾಯಚೂರು, ಕೊಪ್ಪಳದ ಏಪ್ರಿಲ್ ತಿಂಗಳಲ್ಲಿ ಉಷ್ಣಾಂಶ ನಲವತ್ತು ದಾಟಿ, ಉಳಿದ ಕಾಲು ಕೂರುವ ಸಾಕೆಟ್ಟಿನೊಳಗಿನ ಮೆತ್ತನೆಯ ಲೈನರ್ ಬೆವರಿನಲ್ಲಿ ತೊಯ್ದು, ಉಳಿದ ಕಾಲಿನ ತುದಿಯ ಚರ್ಮ ಉಜ್ಜಿ ಕಿತ್ತುಬರುವುದನ್ನು ಇಲ್ಲಿ ಅನುಭವಿಸಿಯೇ ತಿಳಿಯಬೇಕು. ಮೊದಲ ವರ್ಷಗಳಲ್ಲಿ ಆ ಭಾಗ ಸೊರಗುತ್ತಾ ಹೋಗುವುದರಿಂದ ಸಾಕೆಟ್ ಸಡಿಲವಾಗುತ್ತದೆ, ಮತ್ತೆ ಅಳತೆ ಕೊಡಬೇಕು, ಅದಕ್ಕೆ ಪುಣೆಗೆ ಹೋಗಬೇಕು. ಹೋದಷ್ಟು ದಿನ ಅಂಗಡಿಯ ಬಾಗಿಲು ಹಾಕಿರುತ್ತದೆ. ಗಾಯ ಮಾಯದಿದ್ದರೆ ಊರಿಗೆ ಬಂದ ಮೇಲೂ ಕೆಲವು ದಿನ ಕಾಲು ತೊಡುವಂತಿಲ್ಲ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ವರ್ಷಕ್ಕೆ ಮುನ್ನೂರು ಕೆಲಸದ ದಿನಗಳೆಂದು ಬರೆಯುವುದು ನಮ್ಮ ಕಸುಬಿನ ರೂಢಿ. ಇವನ ವರದಿಯಲ್ಲಿ ನಾನು ಅದನ್ನು ಬಹಳಷ್ಟು ಇಳಿಸಿ ಬರೆದೆ. ಬೇಸಿಗೆಯ ಮಧ್ಯಾಹ್ನಗಳನ್ನು ಪೂರ್ತಿಯಾಗಿ ಬಿಟ್ಟೆ. ಮೋಟಾರು ತರುವ ರೈತರೂ ಆ ಹೊತ್ತಿನಲ್ಲಿ ಬರುವುದಿಲ್ಲ, ಅವರು ಬರುವುದು ಬೆಳಕು ಹರಿಯುವಾಗ ಇಲ್ಲವೇ ಬಿಸಿಲು ಇಳಿದ ಮೇಲೆ. ಬ್ಯಾಂಕಿನವರು ದಿನಗಳು ಕಡಿಮೆ ಎಂದು ಆಕ್ಷೇಪಿಸಿದರು. ಕಡಿಮೆ ದಿನಗಳಲ್ಲೂ ಕಂತು ಕಟ್ಟಬಹುದೆಂದು ತೋರಿಸುವ ವರದಿ ಹೆಚ್ಚು ನಂಬಿಕೆಗೆ ಅರ್ಹ ಎಂದು ನಾನು ವಾದಿಸಿದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಗಾಯಾಳು ಸೈನಿಕನಿಗೆ ಕಸುಬು ಕಲಿಸುವ ಆಲೋಚನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡ ಭಾರತೀಯ ಸಿಪಾಯಿಗಳಿಗಾಗಿ 1917ರಲ್ಲಿ ಆರಂಭವಾದ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಪುಣೆಯ ಖಡ್ಕಿಯಲ್ಲಿದೆ. ಬೆನ್ನುಹುರಿಗೆ ಪೆಟ್ಟಾಗಿ ನಡು ಕೆಳಗೆ ಸ್ವಾಧೀನ ತಪ್ಪಿದವರಿಗೆ ಅದೇ ಖಡ್ಕಿಯಲ್ಲಿ ಪುನರ್ವಸತಿ ಕೇಂದ್ರವಿದೆ. ಕಲಿಸುವ ಕಡೆಯಿಂದ ಕೊರತೆ ಅಷ್ಟಾಗಿ ಇಲ್ಲ. ಕಲಿತವನು ರೈಲಿಳಿದು, ಬಸ್ಸು ಹತ್ತಿ, ತನ್ನ ತಾಲ್ಲೂಕಿಗೆ ಬಂದು ಸಂತೆಬೀದಿಯಲ್ಲಿ ಒಂದು ಮಳಿಗೆ ಹಿಡಿದ ಮೇಲೆ ಏನಾಗುತ್ತದೆ ಎಂಬುದು ಬೇರೆ ಕಥೆ.

ಅಂದಹಾಗೆ ಹಿರಿಯರನ್ನು ಒಪ್ಪಿಸುವುದು ನಾನೆಣಿಸಿದ್ದಕ್ಕಿಂತ ಕಷ್ಟವಾಯಿತು. ಗಿರಣಿಯಾದರೆ ಊರ ನಡುವೆ ಇರುತ್ತದೆ, ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಕೂಡಿಸಬಹುದು, ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದಾಗಲೆಲ್ಲ ಅದನ್ನು ನೋಡುತ್ತಾರೆ. ಎಣ್ಣೆ ಮೆತ್ತಿದ ವೈಂಡಿಂಗ್ ಅಂಗಡಿಯ ಗೋಡೆಯ ಮೇಲೆ ಯಾರ ಹೆಸರನ್ನು ಬರೆಸಬೇಕು? ಕೊನೆಗೆ ಪದಾಧಿಕಾರಿಗಳು ಚೈನ್ ಪುಲ್ಲಿಯನ್ನೂ ಮೊದಲ ಆರು ತಿಂಗಳ ಬಾಡಿಗೆಯನ್ನೂ ಕೊಡಲು ಒಪ್ಪಿದರು, ಹೆಸರಿನ ಫಲಕವೊಂದು ಬಾಗಿಲ ಮೇಲೆ ಇರಬೇಕೆಂಬ ಷರತ್ತಿನೊಡನೆ. ಫಲಕ ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಎರಡು ಪಾಸ್‌ಬುಕ್

ಉಳಿದ ಹಣಕ್ಕೆ ಬ್ಯಾಂಕಿನ ಮೊರೆ ಹೋಗಬೇಕಿತ್ತು, ಮತ್ತು ಅಲ್ಲಿ ಎರಡು ದಾರಿಗಳು ತೆರೆದವು. ಸೇವೆಯ ಕಾರಣದಿಂದ ಅಂಗವೈಕಲ್ಯ ಬಂದು ಬಿಡುಗಡೆಯಾದವನಿಗೆ ಸೇವಾಂಶ, ಅಂಗವೈಕಲ್ಯಾಂಶ ಎಂಬ ಎರಡು ಭಾಗಗಳು ಸೇರಿದ ಪಿಂಚಣಿ ಪ್ರತಿ ತಿಂಗಳು ಖಾತೆಗೆ ಬರುತ್ತದೆ. ಅದನ್ನು ನೋಡಿದ ಯಾವ ಬ್ಯಾಂಕ್ ಅಧಿಕಾರಿಗಾದರೂ ಮೊದಲು ಹೊಳೆಯುವುದು ಪಿಂಚಣಿ ಸಾಲ. ಕಾಗದ ಕಡಿಮೆ, ಮಂಜೂರಾತಿ ಬೇಗ, ಕಂತು ತಾನಾಗಿ ಕಡಿತವಾಗುತ್ತದೆ. ಯಂತ್ರದ ಕೊಟೇಷನ್ ಬೇಡ, ಮಳಿಗೆಯ ಕರಾರುಪತ್ರ ಬೇಡ, ಅಂಗಡಿ ನಡೆಯುತ್ತದೆಯೋ ಇಲ್ಲವೋ ಎಂಬ ಚಿಂತೆಯೂ ಬ್ಯಾಂಕಿಗೆ ಬೇಡ. ಇನ್ನೊಂದು ದಾರಿ ಪಿಎಂಇಜಿಪಿ, ಅಂದರೆ ಸ್ವಂತ ಉದ್ದಿಮೆಗೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. 2008ರಿಂದ ನಡೆದುಬಂದಿರುವ ಆ ಯೋಜನೆಯಲ್ಲಿ ಮಾಜಿ ಸೈನಿಕರೂ ಅಂಗವಿಕಲರೂ ವಿಶೇಷ ವರ್ಗಕ್ಕೆ ಸೇರುತ್ತಾರೆ. ಹಳ್ಳಿಗಾಡಿನಲ್ಲಾದರೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ, ಸ್ವಂತ ಪಾಲು ಶೇ. 5 ಮಾತ್ರ. ನಾಲ್ಕು ಲಕ್ಷದ ಅಂಗಡಿಗೆ ತಾನು ಇಪ್ಪತ್ತು ಸಾವಿರ ಹಾಕಿದರೆ ಸಾಕು, ಒಂದು ಲಕ್ಷ ನಲವತ್ತು ಸಾವಿರ ಸಹಾಯಧನದ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಸಹಾಯಧನ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಅಂಗಡಿ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಅರ್ಜಿ, ಪರಿಶೀಲನೆ, ತರಬೇತಿಯ ಪ್ರಮಾಣಪತ್ರ ಎಂದು ತಿಂಗಳುಗಳು ಹಿಡಿಯುತ್ತವೆ.

ಕಾಯಲು ತಾಳ್ಮೆಯಿಲ್ಲದವರು ಪಿಂಚಣಿ ಸಾಲಕ್ಕೆ ಸಹಿ ಹಾಕಿಬಿಡುತ್ತಾರೆ. ನನ್ನ ಮೇಜಿಗೆ ಬಂದ ಇನ್ನೊಬ್ಬ ಯುವಕನದು ಹಾಗೆಯೇ ಆಗಿತ್ತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಜಾಬ್‌ವರ್ಕ್ ಹಿಡಿಯಲೆಂದು ಯಂತ್ರಗಳನ್ನು ಪಿಂಚಣಿ ಸಾಲದಲ್ಲಿ ತಂದಿದ್ದ. ಆರ್ಡರು ನಿಂತ ತಿಂಗಳುಗಳಲ್ಲಿ ಯಂತ್ರಗಳೂ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಕಂತು ಹೋಗಿ ಉಳಿದ ಪಿಂಚಣಿಯಲ್ಲಿ ಮನೆ ನಡೆಯದೆ ಯಂತ್ರಗಳನ್ನು ಸಿಕ್ಕ ಬೆಲೆಗೆ ಮಾರಿದ. ಯಂತ್ರ ಹೋದ ಮೇಲೂ ಸಾಲ ಉಳಿಯಿತು. 1871ರ ಪಿಂಚಣಿ ಕಾಯ್ದೆ ಸರ್ಕಾರಿ ಪಿಂಚಣಿಯನ್ನು ಸಾಲಗಾರರು ಜಪ್ತಿ ಮಾಡದಂತೆ ಕಾಪಾಡುತ್ತದೆ. ತನ್ನ ಖಾತೆಯಿಂದ ಕಂತು ಕಡಿದುಕೊಳ್ಳಿ ಎಂದು ತಾನೇ ಬರೆದುಕೊಟ್ಟವನಿಗೆ ಆ ಕಾಯ್ದೆಯಿಂದ ಬಂದ ಪ್ರಯೋಜನವೇನು?

ಸಣ್ಣ ವ್ಯಾಪಾರ ಮುರಿದುಬೀಳುವುದು ಬಹುಮಟ್ಟಿಗೆ ಲಾಭವಿಲ್ಲದೆ ಅಲ್ಲ, ಮನೆಖರ್ಚು ಗಲ್ಲಾಪೆಟ್ಟಿಗೆಗೆ ಕೈ ಹಾಕುವುದರಿಂದ. ಮಗಳ ಫೀಸು, ತಂದೆಯ ಆಸ್ಪತ್ರೆ, ಹಬ್ಬದ ಬಟ್ಟೆ ಇವೆಲ್ಲ ಮಾಲು ತರುವ ಹಣದಿಂದಲೇ ಹೋಗುತ್ತವೆ, ಮಾಲು ಕಡಿಮೆಯಾಗುತ್ತದೆ, ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ನೂರು ಅಂಗಡಿಕಾರರಲ್ಲಿ ಬಹುತೇಕ ಯಾರಿಗೂ ಇಲ್ಲದ ಒಂದು ಅನುಕೂಲ ಈ ಹುಡುಗರಿಗಿದೆ: ಅಂಗಡಿ ನಡೆಯಲಿ ಬಿಡಲಿ, ಮನೆಗೆ ಜೋಳ, ಅಕ್ಕಿ ಬರುವ ಖಾತ್ರಿ. ಅಂಗಡಿಗೆ ಕಾಲೂರಲು ಎರಡು ವರ್ಷ ಬೇಕಾದರೆ ಆ ಎರಡು ವರ್ಷ ಕಾಯುವ ಶಕ್ತಿ ಅವರಿಗಿದೆ. ಪಿಂಚಣಿ ಸಾಲ ಅದೊಂದು ಶಕ್ತಿಯನ್ನು ಮೊದಲ ದಿನವೇ ಒತ್ತೆ ಇಡುತ್ತದೆ. ಆದ್ದರಿಂದ ಅವರಿಗೆ ನೆರವಾಗಬೇಕೆನ್ನುವವರು ಮೊದಲು ಮಾಡಬೇಕಾದದ್ದು ಅಂಗಡಿಯನ್ನು ಪಿಂಚಣಿಯಿಂದ ದೂರ ಇಡುವುದು. ಹಣ ಕೊಡುವುದಕ್ಕಿಂತಲೂ ಇದು ಮುಖ್ಯವೆಂದೇ ನನ್ನ ಎಣಿಕೆ. ಪಿಎಂಇಜಿಪಿ ಮಂಜೂರಾಗುವ ತನಕ ಒಬ್ಬರು ಜೊತೆಗೆ ಓಡಾಡಿದರೂ ಅದು ದೊಡ್ಡ ನೆರವೇ.

ವೈಂಡಿಂಗ್ ಅಂಗಡಿಯ ಹುಡುಗ ಕಾದ. ಅಂಗಡಿಯ ಹೆಸರಿನಲ್ಲಿ ಬೇರೆ ಚಾಲ್ತಿ ಖಾತೆ ತೆರೆಸಿದೆವು, ಎರಡು ಪಾಸ್‌ಬುಕ್ ಎರಡು ಕಡೆ ಇಡಬೇಕೆಂದು ಹೇಳಿದೆ. ಕೆಲವು ತಿಂಗಳ ಮೇಲೆ ಲೆಕ್ಕ ನೋಡಲು ಹೋದಾಗ ಚಾಲ್ತಿ ಖಾತೆಯಲ್ಲಿ ವಹಿವಾಟೇ ಇರಲಿಲ್ಲ. ಅಂಗಡಿ ಭರ್ತಿ ನಡೆಯುತ್ತಿತ್ತು. ಕಾರಣ ಗೋಡೆಯ ಮೇಲೆ ಅಂಟಿಕೊಂಡಿತ್ತು: ಗಿರಾಕಿಗಳು ಹಣ ಹಾಕುವ ಸ್ಕ್ಯಾನರ್ ಅವನ ಹಳೆಯ ಮೊಬೈಲ್ ನಂಬರಿಗೆ, ಆ ನಂಬರು ಪಿಂಚಣಿಯ ಖಾತೆಗೆ ಜೋಡಣೆಯಾಗಿತ್ತು. ಅಂಗಡಿಯ ದುಡ್ಡೂ ಪಿಂಚಣಿಯೂ ಒಂದೇ ಕಡೆ ಬಿದ್ದು, ಎಷ್ಟು ದುಡಿದೆನೆಂದು ಅವನಿಗೇ ಗೊತ್ತಾಗದೆ, ಅಂಗಡಿ ಲಾಭದಲ್ಲಿದೆ ಎಂದೇ ಅವನು ತಿಳಿದಿದ್ದ. ಬೇರ್ಪಡಿಸಿ ನೋಡಿದರೆ ಕೈಯಲ್ಲಿರಬೇಕಾದ ಹಣದ ಅರ್ಧಕ್ಕಿಂತ ಹೆಚ್ಚು ಉದ್ರಿಯ ಪುಸ್ತಕದಲ್ಲಿತ್ತು, ತಾಮ್ರದ ತಂತಿಯನ್ನು ಅವನು ಪಿಂಚಣಿಯಿಂದ ಕೊಳ್ಳುತ್ತಿದ್ದ.

ಕೊನೆಗೆ ಕೊಟ್ಟರಾಯಿತು

ಉದ್ರಿ ನಮ್ಮ ಕಡೆಯ ಎಲ್ಲ ಅಂಗಡಿಗಳಿಗೂ ಇದ್ದದ್ದೇ. ಬೆಳೆ ಬಂದ ಮೇಲೆ ಕೊಡುವುದು ರೈತನ ರೂಢಿ, ಮಳೆ ಹೋದರೆ ಮುಂದಿನ ವರ್ಷಕ್ಕೆ ಹೋಗುವುದೂ ರೂಢಿ. ಆದರೆ ಇವನ ಪುಸ್ತಕದಲ್ಲಿದ್ದ ಉದ್ರಿ ಆ ರೂಢಿಗಿಂತ ಬಹಳ ಹೆಚ್ಚಿತ್ತು. ಅದೇಕೆ ಎಂಬುದು ಒಂದು ಬೆಳಿಗ್ಗೆ ನನಗೆ ಗೊತ್ತಾಯಿತು. ಕಡಲೆ ಇನ್ನೂ ಹೊಲದಲ್ಲಿದ್ದ ಜನವರಿ ತಿಂಗಳು. ವಯಸ್ಸಾದ ರೈತರೊಬ್ಬರು ಏಳೂವರೆ ಎಚ್‌ಪಿ ಮೋಟಾರು ಒಯ್ಯಲು ಬಂದಿದ್ದರು. ಹುಡುಗ ಕೃತಕ ಕಾಲನ್ನು ಬಿಚ್ಚಿ ಸ್ಟೂಲಿನ ಪಕ್ಕಕ್ಕೆ ಒರಗಿಸಿಟ್ಟು ಕೆಲಸ ಮಾಡುತ್ತಿದ್ದ. ರೈತರು ಅದನ್ನು ನೋಡಿ, ಕೈಮುಗಿದು, ಸ್ವಲ್ಪ ಹಣ ಅವನ ಮುಂದಿಟ್ಟು, ಉಳಿದದ್ದು ಕಡಲೆ ಮಾರಿದ ಮೇಲೆ ಎಂದರು. ಹುಡುಗ ಆಗಲಿ ಅಜ್ಜಾ ಎಂದ. ಆಮೇಲೆ ಚಹಾದಂಗಡಿಯಲ್ಲಿ ಅದೇ ಅಜ್ಜ ನನ್ನ ಪಕ್ಕಕ್ಕೆ ಕೂತರು. ಗೊಬ್ಬರದಂಗಡಿಯ ಬಾಕಿಯನ್ನೂ ಹೀಗೇ ಇಟ್ಟಿದ್ದೀರಾ ಎಂದು ನಗುತ್ತಲೇ ಕೇಳಿದೆ. ಅವರು ಮರೆಮಾಚಲಿಲ್ಲ.

"ಗೊಬ್ಬರದಾಂವಗ ಪೂರಾ ಕೊಟ್ಟೀನ್ರಿ. ಕೊಡದಿದ್ರ ಮುಂದಿನ ಸಲ ಚೀಲ ಮುಟ್ಟಾಕ ಬಿಡಂಗಿಲ್ಲ. ಈ ಹುಡುಗಗ ಏನ್ ಅವಸರ ಐತ್ರಿ? ತಿಂಗಳಾ ತಿಂಗಳಾ ಸರ್ಕಾರ ಪಿಂಚಣಿ ಹಾಕ್ತತಿ. ಅವನ ಮನಿಯಾಗ ಒಲಿ ಆರಂಗಿಲ್ಲ. ಕೊನೀಗಿ ಕೊಟ್ರಾತು."

ಅವರ ಮಾತಿನಲ್ಲಿ ಮೋಸವಿರಲಿಲ್ಲ, ಹುಡುಗನ ಬಗ್ಗೆ ಅಗೌರವವಂತೂ ಇರಲೇ ಇಲ್ಲ. ಕೈಯಲ್ಲಿ ಸ್ವಲ್ಪವೇ ಹಣವಿದ್ದು, ಕೊಡಬೇಕಾದವರು ಹಲವರಿದ್ದಾಗ, ಯಾರು ಹೆಚ್ಚು ದಿನ ತಡೆದುಕೊಳ್ಳಬಲ್ಲರೋ ಅವರನ್ನು ಕೊನೆಗೆ ಇಡುವುದು ಬಡವನ ಲೆಕ್ಕ. ಆ ಲೆಕ್ಕದಲ್ಲಿ ಪಿಂಚಣಿಯಿರುವ ಅಂಗಡಿಕಾರ ಯಾವಾಗಲೂ ಕೊನೆಯವನು. ದೇಶಕ್ಕೆ ಕಾಲು ಕೊಟ್ಟವನು ದುಡ್ಡು ಕೇಳಿದರೆ ಶೋಭೆಯಲ್ಲ ಎಂಬ ಭಾವನೆ ಗಿರಾಕಿಗೂ ಇದೆ, ಅವನಿಗೂ ಇದೆ. ಸನ್ಮಾನದ ವೇದಿಕೆಯಿಂದ ನೇರವಾಗಿ ಗಲ್ಲೆಯ ಮುಂದೆ ಬಂದು ಕೂತವನಿಗೆ ಎಂಟುನೂರು ರೂಪಾಯಿ ಬಾಕಿಗಾಗಿ ಊರ ಹಿರಿಯನ ಮನೆಗೆ ಹೋಗಿ ನಿಲ್ಲುವುದು ಸಾಧ್ಯವಾಗುವುದಿಲ್ಲ.

ತಾಮ್ರದ ಬೆಲೆಯನ್ನು ಮುಂಗಡವಾಗಿ ಪಡೆಯಬೇಕು, ಕೂಲಿಯನ್ನು ಬೇಕಾದರೆ ಉದ್ರಿ ಬಿಡು ಎಂದು ನಾನು ಹೇಳಿದೆ. ಸುಟ್ಟ ಮೋಟಾರಿನಿಂದ ತೆಗೆದ ಹಳೆಯ ತಾಮ್ರವನ್ನು ತೂಗಿ ಅದರ ಬೆಲೆಯನ್ನು ಗಿರಾಕಿಯ ಲೆಕ್ಕದಲ್ಲಿ ಕಳೆದರೆ ಮುಂಗಡವೂ ದೊಡ್ಡದಾಗುವುದಿಲ್ಲ. ಹುಡುಗ ಒಪ್ಪಲಿಲ್ಲ. "ಬೆಳಿ ಒಣಗಾಕತ್ತಿರ್ತತ್ರಿ ಸರ. ಅಂಥಾ ಹೊತ್ತಿನ್ಯಾಗ ರೊಕ್ಕ ಇಡು ಅಂತ ನಾ ಹ್ಯಾಂಗ ಅನ್ಲಿ?" ಎಂದ. ರೈತನ ಮಗನ ಮಾತು ಅದು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಅವನ ಅಕ್ಕನಿಂದ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಆಕೆ ಪಿಯುಸಿ ಓದಿದವರು. ಮಧ್ಯಾಹ್ನ ತಮ್ಮನಿಗೆ ರೊಟ್ಟಿ ತಂದವರು ಹಾಗೇ ಗಲ್ಲೆಯ ಮುಂದೆ ಕೂರತೊಡಗಿದರು, ಉದ್ರಿ ಪುಸ್ತಕ ಅವರ ಕೈಗೆ ಹೋಯಿತು. ತಮ್ಮ ತಂತಿ ಎಳೆಯುತ್ತಿರುವಾಗಲೇ "ಕಾಕಾ, ತಂತಿ ರೊಕ್ಕ ಇಟ್ಟ ಹೋಗ್ರಿ, ನಾಳೆ ಹುಬ್ಬಳ್ಳಿಯಿಂದ ಮಾಲು ತರಬೇಕು" ಎಂದು ಅವರು ಅಂದರೆ ಯಾರೂ ಬೇಸರಪಡಲಿಲ್ಲ, ಮತ್ತು ಬಹಳ ಜನ ಇಟ್ಟೂ ಹೋದರು. ಹಾಗೆ ಕೇಳಲು ಅಕ್ಕನನ್ನು ಯಾವ ವೇದಿಕೆಯೂ ತಡೆಯುತ್ತಿರಲಿಲ್ಲ. ಅವರಿಗೂ ಸಂಬಳವೆಂದು ತಿಂಗಳಿಗೆ ಇಷ್ಟು ಎಂದು ಅಂಗಡಿಯ ಖಾತೆಯಿಂದ ಬರೆಯಬೇಕೆಂದು ನಾನು ಹಟ ಹಿಡಿದೆ. ಮನೆಯವರ ದುಡಿಮೆಯನ್ನು ಬಿಟ್ಟಿಯೆಂದು ಎಣಿಸಿದರೆ ಅಂಗಡಿಯ ಲಾಭ ಸುಳ್ಳು ಲೆಕ್ಕವಾಗುತ್ತದೆ.

ಗಿರಾಕಿಗಳ ವಿಷಯ ಬಂದಾಗ ಇನ್ನೊಂದು ಮಾತು. ಸಣ್ಣ ಉದ್ದಿಮೆಗಳಿಂದ ಕೇಂದ್ರ ಸರ್ಕಾರದ ಇಲಾಖೆ, ಉದ್ಯಮಗಳು ಇಷ್ಟು ಪಾಲು ಕೊಳ್ಳಬೇಕೆಂಬ 2012ರ ನೀತಿಯಲ್ಲಿ ಪರಿಶಿಷ್ಟರಿಗೆ, ಮಹಿಳೆಯರಿಗೆ ಒಳಪಾಲು ಇದೆ. ಗಾಯಾಳು ಸೈನಿಕರಿಗೆ ಅಂಥದ್ದಿಲ್ಲ. ಸಾಲ ಕೊಡುವ ಯೋಜನೆಗಳಲ್ಲಿ ಅವರ ಹೆಸರು ಮೊದಲ ಸಾಲಿನ ಹತ್ತಿರ ಇರುತ್ತದೆ, ಕೊಳ್ಳುವ ಯೋಜನೆಯಲ್ಲಿ ಕಾಣುವುದಿಲ್ಲ. ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನ ಮೋಟಾರುಗಳು ವರ್ಷವೆಲ್ಲ ಸುಡುತ್ತವೆ. ಸುತ್ತಲ ಪಂಚಾಯಿತಿಗಳು ಆ ದುರಸ್ತಿಯನ್ನು ಇವನಿಗೆ ಕೊಟ್ಟರೆ, ವರ್ಷಕ್ಕೊಮ್ಮೆ ಕೊಡುವ ಶಾಲುಗಳಿಗಿಂತ ಅದು ಹೆಚ್ಚು ಬಾಳಿಕೆ ಬರುತ್ತದೆ. ಹಾಗೆ ಸ್ವಲ್ಪ ಕೆಲಸ ಬಂತು ಕೂಡ. ಬಿಲ್ಲು ಮಾತ್ರ ಅಜ್ಜನ ಕಡಲೆಗಿಂತಲೂ ತಡವಾಗಿ ಬಂತು. ಉದ್ಯಮ್ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿಯಾದ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಕೊಡಬೇಕು ಎಂದು ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಹೇಳುತ್ತದೆ. ತನ್ನೂರಿನ ಪಂಚಾಯಿತಿಯ ಮೇಲೆ ಬಡ್ಡಿ ಕೇಳುವ ಅಂಗಡಿಕಾರನನ್ನು ನಾನಂತೂ ಇನ್ನೂ ನೋಡಿಲ್ಲ.

ಒಂದು ವರ್ಷದ ಜೊತೆ

ಅಮೆರಿಕದಲ್ಲಿ ಇರಾಕ್, ಅಫ್ಘಾನಿಸ್ತಾನಗಳಿಂದ ಗಾಯಗೊಂಡು ಮರಳಿದ ಯುವ ಸೈನಿಕರಿಗಾಗಿ ಸಿರಾಕ್ಯೂಸ್ ವಿಶ್ವವಿದ್ಯಾಲಯದವರು 2007ರಲ್ಲಿ ಒಂದು ತರಬೇತಿ ಆರಂಭಿಸಿದರು. ಅದನ್ನು ಕಟ್ಟಿದ ಮೈಕ್ ಹೇನಿ ಸ್ವತಃ ಅಲ್ಲಿನ ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದವರು. ಮನೆಯಲ್ಲೇ ಕೂತು ಕಲಿಯುವ ಕೆಲವು ವಾರ, ವಿಶ್ವವಿದ್ಯಾಲಯದಲ್ಲಿದ್ದು ಕಲಿಯುವ ಕೆಲವು ದಿನ, ಅದಾದ ಮೇಲೆ ಒಂದು ವರ್ಷ ಬೆನ್ನಿಗೆ ನಿಲ್ಲುವ ಮಾರ್ಗದರ್ಶನ, ಹೀಗೆ ಮೂರು ಹಂತ. ನನಗೆ ಹಿಡಿಸಿದ್ದು ಕೊನೆಯ ಆ ಒಂದು ವರ್ಷ. ದೂರದ ಉದಾಹರಣೆ ಬೇಡವೆಂದರೆ ನಮ್ಮ ಉಜಿರೆಯದೇ ಇದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿಯ ತರಬೇತಿ ಕೊಟ್ಟು ಕೈಬಿಡದೆ, ಕಲಿತವರು ಅಂಗಡಿ ಹಾಕಿದರೇ, ಹಾಕಿದ್ದು ನಡೆಯುತ್ತಿದೆಯೇ ಎಂದು ಆಮೇಲೂ ವಿಚಾರಿಸುವ ಪದ್ಧತಿ ತಂದಿತು. ಆ ಮಾದರಿಯನ್ನೇ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಎಂಬ ಹೆಸರಿನಲ್ಲಿ ಹಂಚಿದರು. ತರಬೇತಿಯ ಕೊಠಡಿಯಲ್ಲಿ ಸ್ಕ್ಯಾನರಿನ ತೊಂದರೆ ಕಾಣುವುದಿಲ್ಲ, ಅಜ್ಜನ ಲೆಕ್ಕವೂ ಕಾಣುವುದಿಲ್ಲ. ಅವು ಅಂಗಡಿ ತೆರೆದು ಕೆಲವು ತಿಂಗಳು ಕಳೆದ ಮೇಲೆಯೇ ಕಾಣುವಂಥವು. ಸೈನಿಕ ಕಲ್ಯಾಣದ ಕಚೇರಿಗಳಿಗೂ ನಮ್ಮ ಸೇವಾ ಸಂಸ್ಥೆಗಳಿಗೂ ನಾನು ಹೇಳಬೇಕೆಂದಿರುವುದು ಇಷ್ಟು: ಯಂತ್ರಕ್ಕೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿ, ಲೆಕ್ಕ ಬಲ್ಲವನೊಬ್ಬ ತಿಂಗಳಿಗೊಮ್ಮೆ ಆ ಅಂಗಡಿಗೆ ಹೋಗಿ ಕೂರುವಂತೆ ಎರಡು ವರ್ಷ ನೋಡಿಕೊಳ್ಳಿ. ಅದಕ್ಕೆ ಫಲಕ ಹಾಕಲಾಗುವುದಿಲ್ಲ ಎಂಬುದೊಂದೇ ತೊಡಕು.

ಪಿಂಚಣಿಯಿಲ್ಲದವರು

ಇಷ್ಟು ಹೊತ್ತು ಪಿಂಚಣಿಯನ್ನು ಅಂಗಡಿಯಿಂದ ದೂರ ಇಡುವ ಮಾತಾಡಿದೆ. ಇನ್ನು ಮುಂದೆ ಬರುವವರಿಗೆ ಈ ಮಾತು ಹಾಗೇ ಹೊಂದುವುದಿಲ್ಲ. 2022ರಲ್ಲಿ ಬಂದ ಅಗ್ನಿಪಥ ಎಂಬ ಸೇನಾ ನೇಮಕಾತಿ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ಹೆಚ್ಚೆಂದರೆ ಶೇ. 25. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಹಿಡಿದು ಊರಿಗೆ ಬರುತ್ತಾರೆ, ಪಿಂಚಣಿಯಿಲ್ಲ. ಸೇವೆಯ ಕಾರಣದಿಂದ ಅಂಗವೈಕಲ್ಯ ಬಂದರೆ ಅದರ ಪ್ರಮಾಣ ಶೇ. 100, 75, 50 ಎಂಬುದನ್ನು ನೋಡಿ 44, 25, 15 ಲಕ್ಷದ ಒಂದೇ ಸಲದ ಪರಿಹಾರವಿದೆ. ತಿಂಗಳ ಪಿಂಚಣಿ ಪಡೆಯುವವನನ್ನು ಸಾಲದ ಆಮಿಷದಿಂದ ತಡೆದರೆ ಸಾಕಾಗಿತ್ತು. ಇಡಿಗಂಟು ಕೈಗೆ ಬಂದವನ ಮನೆಗೆ ಸಾಲ ಕೊಡುವವರು ಬರುವುದಿಲ್ಲ, ಪಾಲುದಾರರು ಬರುತ್ತಾರೆ. ರೈಸ್ ಮಿಲ್ಲಿನಲ್ಲಿ ಪಾಲು, ಲೇಔಟಿನಲ್ಲಿ ಸೈಟು, ಟಿಪ್ಪರು, ಜೆಸಿಬಿ. ಅವರ ಮಾತುಗಳಲ್ಲಿ ಕೆಲವು ನಿಜವೂ ಇರುತ್ತವೆ. ಇಪ್ಪತ್ತೈದರ ಹುಡುಗ, ಅದರಲ್ಲೂ ತನ್ನ ದೇಹ ಇನ್ನು ಎಷ್ಟು ಕೆಲಸ ಮಾಡೀತೆಂದು ಇನ್ನೂ ತಿಳಿಯದವನು, ಅವುಗಳಲ್ಲಿ ಯಾವುದನ್ನು ಆರಿಸಬೇಕು?

ನನ್ನ ಬಳಿ ಇರುವ ಉತ್ತರ ನೀರಸವಾದದ್ದು. ಬಂದ ಗಂಟಿನಿಂದ ಮೊದಲು ತನಗೆ ತಾನೇ ಒಂದು ಪಿಂಚಣಿ ಕಟ್ಟಿಕೊಳ್ಳಬೇಕು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ 9 ಲಕ್ಷದವರೆಗೆ ಇಡಬಹುದು, ಜಂಟಿ ಖಾತೆಯಲ್ಲಿ 15 ಲಕ್ಷ. ಬಡ್ಡಿ ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಮನೆಯ ಒಲೆ ಅದರಿಂದ ಉರಿಯುವಂತಾದ ಮೇಲೆ ಉಳಿದದ್ದರಲ್ಲಿ ಚಿಕ್ಕ ಭಾಗವನ್ನು ಸ್ವಂತ ಪಾಲೆಂದು ಹಾಕಿ, ಅಂಗಡಿಗೆ ಬೇಕಾದ ಹೆಚ್ಚಿನ ಹಣವನ್ನು ಬ್ಯಾಂಕಿನಿಂದ, ಅಂಗಡಿಯ ಹೆಸರಿನಲ್ಲೇ ತರಬೇಕು. ಕೈಯಲ್ಲಿ ಹಣವಿದ್ದೂ ಸಾಲ ಮಾಡುವುದೇಕೆ ಎಂದು ತಂದೆ ತಾಯಿ ಕೇಳುತ್ತಾರೆ. ಅಂಗಡಿ ಸೋತರೆ ಅಂಗಡಿಯಷ್ಟೇ ಸೋಲಲಿ ಎಂಬುದಕ್ಕೆ ಎಂದು ನಾನು ಹೇಳುತ್ತೇನೆ. ಅವರಿಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ.

ಮಾನ್ವಿ ಕಡೆಯ ತಂದೆಯೊಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. ಅಗ್ನಿವೀರನಾಗಿರುವ ಮಗನ ಭುಜಕ್ಕೆ ಪೆಟ್ಟಾಗಿದೆ, ವೈದ್ಯಕೀಯ ಮಂಡಳಿಯ ವರದಿ ಇನ್ನೂ ಬರಬೇಕು. ಯಾವ ಅಂಗಡಿ ಹಾಕಿಸಲಿ ಎಂದು ಕೇಳಿದರು. ಭುಜ ಎಷ್ಟು ಎತ್ತಬಲ್ಲದು, ಮನೆಗೆ ತಿಂಗಳಿಗೆ ಎಷ್ಟು ಬೇಕು, ಈ ಎರಡನ್ನು ಬರೆದಿಟ್ಟುಕೊಂಡು ಮಗ ರಜೆಗೆ ಬಂದಾಗ ಅವನನ್ನೇ ಕರೆತನ್ನಿ ಎಂದಿದ್ದೇನೆ. ಹೂಂ ಎಂದರು, ಆದರೆ ಗಿರಣಿಗೆಂದು ಜಾಗ ಆಗಲೇ ನೋಡಿದ್ದಾರಂತೆ.